ಓದಿ ಹೇಳುವವರ ನಾಡಿನಲ್ಲಿ

ನಮ್ಮ ಹಾಸನ ಜಿಲ್ಲೆಯಷ್ಟು ಅಕ್ಷರದ ಸಿರಿ ಪಡೆದ ಸೀಮೆ ಕನ್ನಡನಾಡಿನಲ್ಲಿ ಅಪರೂಪವೇ ಎನ್ನಬೇಕು. ಬಹುಕಾಲ ಕನ್ನಡದ ಮೊತ್ತಮೊದಲ ಶಾಸನವೆಂದು ಹೆಸರಾಗಿ ಬಂದ ಹಲ್ಮಿಡಿಯ ಕಲ್ಲು ಬೇಲೂರು ತಾಲ್ಲೂಕಿನದು. ಸುಮಾರು ಕ್ರಿ.ಶ. ೪೫೦ರದೆಂದು ವಿದ್ವಾಂಸರು ಹೇಳುವ ಅದನ್ನು ೧೯೩೬ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಗಳಂತೂ ಬರಹದ ಕಣಜ. ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಅಲ್ಲಿಯ ೧೪೪ ಶಾಸನಗಳನ್ನು ಅಚ್ಚು ಮಾಡಿಸಿದರು, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಆ ಗ್ರಂಥವನ್ನು ಪರಿಷ್ಕರಿಸಿದಾಗ ಸಂಖ್ಯೆ ೫೦೦ಕ್ಕೆ ಏರಿತು. ಹೀಗೆ ಕಲ್ಲುಕಲ್ಲಿಗೂ ಬರಹವಿರುವ ಸೀಮೆಯಲ್ಲಿ, ಅದೇ ಕಲ್ಲಿನ ಮಗ್ಗುಲ ಹೊಲವನ್ನು ಉಳುತ್ತಿದ್ದ ರೈತ ಪಹಣಿಯಲ್ಲಿ ತನ್ನ ಹೆಸರಿದೆಯೋ ಇಲ್ಲವೋ ತಿಳಿಯಲಾರದೆ ಹೆಬ್ಬೆಟ್ಟು ಒತ್ತಿ ಮನೆಗೆ ಬರುತ್ತಿದ್ದ. ಈ ವೈಚಿತ್ರ್ಯವೇ ನನ್ನ ಬಾಳಿನ ಕಸುಬಾಯಿತು. ಅದು ಹೇಗಾಯಿತೆಂದು ಹೇಳುವಾಗ ನನ್ನೊಬ್ಬನ ಕಥೆ ಹೇಳಿದರೆ ಸಾಲದು. ನಾಲ್ಕು ತಾಲ್ಲೂಕುಗಳ ಕಥೆಯನ್ನೂ ಸ್ವಲ್ಪ ಹೇಳಬೇಕಾಗುತ್ತದೆ.

ಮೊದಲು ಒಂದು ಮಾತು. ಅಕ್ಷರ ಬಾರದವರೆಂದರೆ ತಿಳಿವಳಿಕೆ ಇಲ್ಲದವರೆಂದು ಪಟ್ಟಣದ ನಾವು ಭಾವಿಸುವುದುಂಟು. ಇದು ಸರಿಯಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಓದು ಕಲಿಯದ ಕನ್ನಡಿಗರ ಕಾವ್ಯಜ್ಞಾನವನ್ನು ಹೊಗಳಿದೆ. ನಾನು ಹುಟ್ಟಿ ಬೆಳೆದದ್ದು ಅರಕಲಗೂಡಿನ ಕಡೆಯ ಒಂದು ಹಳ್ಳಿಯಲ್ಲಿ. ಶ್ರಾವಣಮಾಸ ಬಂತೆಂದರೆ ರಾತ್ರಿ ಊಟವಾದ ಮೇಲೆ ಗುಡಿಯ ಜಗಲಿಯಲ್ಲಿ ಒಬ್ಬರು ಜೈಮಿನಿ ಭಾರತವನ್ನೋ ಕುಮಾರವ್ಯಾಸನನ್ನೋ ಓದುವರು. ಇನ್ನೊಬ್ಬರು ಅರ್ಥ ಹೇಳುವರು. ಊರೆಲ್ಲ ಕಂಬಳಿ ಹೊದ್ದು ಕೇಳುವುದು. ಕೇಳುವವರಲ್ಲಿ ಹತ್ತಕ್ಕೆ ಎಂಟು ಜನಕ್ಕೆ 'ಅ' ಎಂದರೆ ಗೊತ್ತಿಲ್ಲ. ಆದರೆ ಓದುವವರು ಒಂದು ಸಾಲು ಬಿಟ್ಟರೆ ಕತ್ತಲಲ್ಲಿ ಎಲ್ಲಿಂದಲೋ ಯಾರೋ ಕೆಮ್ಮಿ ಎಚ್ಚರಿಸುತ್ತಿದ್ದರು! ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳನ್ನು ಓದಿದವರಿಗೆ ಹೇಮಾವತಿ ದಂಡೆಯ ಈ ಜನರ ಮಾತಿನ ಸೊಗಸು ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ಒಬ್ಬ ಓದುವುದು, ನೂರು ಜನ ಕೇಳುವುದು: ಇದೇ ನಮ್ಮ ನಾಡಿನ ಹಳೆಯ ವಿದ್ಯಾಭ್ಯಾಸ ಪದ್ಧತಿ. ಶಾಸನವನ್ನು ಕೂಡ ಊರವರೆಲ್ಲ ಓದಿರಲಾರರು. ಯಾರೋ ಬಲ್ಲವರು ಓದಿ ಹೇಳಿರಬೇಕು, ಉಳಿದವರು ಕೈಮುಗಿದಿರಬೇಕು.

ಮಕ್ಕಳಿಗೆ ಕೂಲಿಮಠಗಳಿದ್ದವು. ಮರಳಿನ ಮೇಲೆ ಬೆರಳಿನಿಂದ ತಿದ್ದಿಸುವ ಐಗಳು, ಬಾಯಿಪಾಠ, ಮಗ್ಗಿ, ಲೆಕ್ಕ, ಬೆತ್ತ. ಅಲ್ಲಿಗೆ ಹೋಗುತ್ತಿದ್ದವರು ಸಾಮಾನ್ಯವಾಗಿ ಶ್ಯಾನುಭೋಗರ, ಪಟೇಲರ, ವರ್ತಕರ ಮನೆಯ ಹುಡುಗರು. ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಆರಂಭವಾದದ್ದು ೧೮೫೭ರಲ್ಲಿ. ೧೮೬೮ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಬಂತು. ಅದನ್ನು ರೂಪಿಸಿದವರು ಯಾರೆಂದು ಕೊಂಡಿರಿ? ಬೆಳಗೊಳದ ಶಾಸನಗಳನ್ನು ಅಚ್ಚು ಮಾಡಿಸಿದ ಅದೇ ರೈಸ್ ಸಾಹೇಬರು! ಸತ್ತವರ ಅಕ್ಷರವನ್ನು ಓದಿದ ಮನುಷ್ಯನೇ ಬದುಕಿರುವವರಿಗೂ ಅಕ್ಷರ ಬೇಕೆಂದು ಕಂಡುಕೊಂಡನೆಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, ದೊಡ್ಡವರಿಗೆ ರಾತ್ರಿಶಾಲೆಗಳೂ ಬಂದವು. ಇಷ್ಟಾದರೂ ೧೯೫೧ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಹೆಂಗಸರಲ್ಲಿ ಒಂಬತ್ತು ಕೂಡ ತುಂಬಲಿಲ್ಲ.

ಇನ್ನೊಂದು ಪ್ರಯತ್ನವನ್ನು ಇಲ್ಲಿ ನೆನೆಯಲೇಬೇಕು. ೧೯೪೦ರ ದಶಕದ ಆರಂಭದಲ್ಲಿ ಮೈಸೂರಿನ ಕೆಲವು ಹಿರಿಯರೂ ವಿದ್ಯಾರ್ಥಿಗಳೂ ಸೇರಿ ತೊಡಗಿದ ಅಕ್ಷರಪ್ರಚಾರದ ಕೆಲಸ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಈ ಸಮಿತಿಯವರು ಅಕ್ಷರ ಕಲಿಸಿ ಕೈತೊಳೆದುಕೊಳ್ಳಲಿಲ್ಲ. ಹೊಸದಾಗಿ ಓದು ಕಲಿತವರಿಗಾಗಿಯೇ 'ಬೆಳಕು' ಎಂಬ ವಾರಪತ್ರಿಕೆಯನ್ನು ನಡೆಸಿದರು. 'ಪುಸ್ತಕ ಪ್ರಪಂಚ' ಎಂಬ ಮಾಸಪತ್ರಿಕೆಯನ್ನು ತಂದರು. ಸಣ್ಣಸಣ್ಣ ಪುಸ್ತಕಗಳನ್ನು ಅಗ್ಗದ ಬೆಲೆಗೆ ಕೊಟ್ಟರು. ಡೆನ್ಮಾರ್ಕಿನಲ್ಲಿ ಗ್ರುಂಡ್ಟ್‌ವಿಗ್ ಎಂಬ ಮಹನೀಯನ ಚಿಂತನೆಯಿಂದ ೧೮೪೪ರಲ್ಲಿ ಮೊದಲಾದ ರೈತರ ವಸತಿಶಾಲೆಗಳ ಮಾದರಿಯಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನೂ ತೆರೆದರು. ನಾನು ಹುಡುಗನಾಗಿದ್ದಾಗ ನಮ್ಮೂರ ಶಾಲೆಯ ಬೀರುವಿನಲ್ಲಿ 'ಬೆಳಕು' ಪತ್ರಿಕೆಯ ಹಳೆಯ ಸಂಚಿಕೆಗಳಿದ್ದವು. ದಪ್ಪ ಅಕ್ಷರ, ಚಿಕ್ಕ ವಾಕ್ಯ, ಗೊಬ್ಬರದ ಗುಂಡಿಯಿಂದ ಹಿಡಿದು ಲೋಕದ ಸುದ್ದಿಯವರೆಗೆ ಎಲ್ಲವೂ. ಕಲಿಸುವುದು ಅರ್ಧ ಕೆಲಸ, ಕಲಿತದ್ದನ್ನು ಉಳಿಸುವುದು ಇನ್ನರ್ಧ ಎಂಬುದನ್ನು ಆ ಹಿರಿಯರು ಅಷ್ಟು ಹಿಂದೆಯೇ ಅರಿತಿದ್ದರು. ಅದರ ಬೆಲೆ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

೧೯೭೧ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಗೆ ನಾನು ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿ ಬಂದೆ. ತೆಂಗಿನ ತೋಟಗಳ ನಡುವಿನ ಊರು. ಮಾಡಿಗೆ ಹೆಂಚು ಹೊದಿಸಿದ ಎರಡು ಕೋಣೆಯ ಶಾಲೆ. ಹಗಲು ಮಕ್ಕಳಿಗೆ ಪಾಠ ಹೇಳುವ ಕೆಲಸವಾದರೆ, ಸಂಜೆ ಸಂಬಳವಿಲ್ಲದ ಇನ್ನೊಂದು ಕೆಲಸ ತಾನಾಗಿ ಅಂಟಿಕೊಂಡಿತು. ಅಂಚೆಯವನು ಕಾಗದ ಕೊಟ್ಟು ಹೋದನೆಂದರೆ ಅದು ನೇರವಾಗಿ ಮೇಷ್ಟರ ಮನೆಗೆ ಬರುವುದು. ಮಗ ಬೆಂಗಳೂರಿನಿಂದ ಬರೆದದ್ದು, ಬೀಗರು ಬರೆದದ್ದು, ಸೊಸೈಟಿಯ ನೋಟೀಸು, ಕೋರ್ಟಿನ ಸಮನ್ಸು, ಎಲ್ಲವನ್ನೂ ಓದಿ ಹೇಳಬೇಕು, ಉತ್ತರವನ್ನೂ ಬರೆಯಬೇಕು. ಊರಿನ ಗುಟ್ಟೆಲ್ಲ ನನ್ನ ಹೊಟ್ಟೆಯಲ್ಲಿ ತುಂಬಿಕೊಂಡಿತು. ಯಾರಿಗೆ ಎಷ್ಟು ಸಾಲ, ಯಾವ ಮಗಳಿಗೆ ಗಂಡನ ಮನೆಯಲ್ಲಿ ಏನು ಕಷ್ಟ, ಯಾವ ಅಣ್ಣತಮ್ಮಂದಿರ ನಡುವೆ ಯಾವ ವ್ಯಾಜ್ಯ, ಎಲ್ಲವೂ. ಜನ ನನ್ನನ್ನು ನಂಬಿದ್ದರು. ಆದರೆ ನಂಬದೆ ಅವರಿಗೆ ಬೇರೆ ದಾರಿಯೇ ಇರಲಿಲ್ಲವಲ್ಲ! ಈ ಮಾತು ನನ್ನ ಮನಸ್ಸಿಗೆ ತಟ್ಟಿದ್ದು ೧೯೭೪ರಲ್ಲಿ.

ಆ ವರ್ಷದ ಮಾರ್ಚ್ ೧ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂತು. ಗೇಣಿಯ ಭೂಮಿ ಸರ್ಕಾರಕ್ಕೆ ಸೇರುವುದು. ಗೇಣಿದಾರ ಅರ್ಜಿ ಹಾಕಿಕೊಂಡು ತಾನು ಉಳುತ್ತಿದ್ದೆನೆಂದು ಭೂನ್ಯಾಯಮಂಡಳಿಯ ಮುಂದೆ ಸ್ಥಾಪಿಸಿದರೆ ಭೂಮಿ ಅವನದಾಗುವುದು. ಅರ್ಜಿಗೆ ಏಳನೆಯ ನಮೂನೆಯೆಂದು ಹೆಸರು. ಹಳ್ಳಿಯವರ ಬಾಯಲ್ಲಿ ಅದು 'ಡಿಕ್ಲರೇಷನ್'. ಕಾನೂನು ಬಡವನ ಪರವಾಗಿತ್ತು. ಆದರೆ ಅದು ಕಾಗದದ ಮೇಲೆ ಬಂದಿತ್ತು. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ, ಎಷ್ಟು ವರ್ಷದಿಂದ ಸಾಗುವಳಿ, ಒಡೆಯ ಯಾರು, ಇವೆಲ್ಲ ತಪ್ಪಿಲ್ಲದೆ ಬರೆದಿರಬೇಕು. ಮೂರು ತಲೆಮಾರು ಉತ್ತವನಿಗೆ ತನ್ನ ಹೊಲದ ಪ್ರತಿಯೊಂದು ಬದುವೂ ಗೊತ್ತು, ಸರ್ವೆ ನಂಬರು ಗೊತ್ತಿಲ್ಲ. ಬರೆದುಕೊಡುವವರಿಗೆ ದುಡ್ಡು ಕೊಡಬೇಕು; ಬರೆದದ್ದು ಸರಿಯೋ ತಪ್ಪೋ ನೋಡುವ ಕಣ್ಣಿಲ್ಲ; ಭೂಮಿಯ ಒಡೆಯನ ನಂಟನೇ ಊರಿನ ಅಕ್ಷರಸ್ಥನಾಗಿದ್ದರೆ ದೇವರೇ ಗತಿ. ಕಾವ್ಯಕ್ಕೆ ಕಿವಿ ಸಾಕು, ಪಹಣಿಗೆ ಕಣ್ಣು ಬೇಕು.

ಅರ್ಜಿಯ ಗಡುವು ಮತ್ತೆಮತ್ತೆ ಮುಂದೆ ಹೋಗಿ ಕೊನೆಗೆ ೧೯೭೯ರ ಜೂನ್ ೩೦ಕ್ಕೆ ನಿಂತಿತು. ಆ ವರ್ಷಗಳಲ್ಲಿ ಲಾಟೀನಿನ ಬೆಳಕಿನಲ್ಲಿ ನಾನು ಬರೆದ ಏಳನೆಯ ನಮೂನೆಗಳು ಎಷ್ಟೋ. ಒಂದು ರಾತ್ರಿ ಅರವತ್ತು ದಾಟಿದ ಒಕ್ಕಲಿಗರೊಬ್ಬರು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೆ ಒರಸಿಕೊಳ್ಳುತ್ತ, "ಮೇಷ್ಟ್ರೇ, ಇದರಲ್ಲಿ ನನ್ನ ಹೆಸರು ಎಲ್ಲೈತೆ ತೋರಿಸಿ" ಎಂದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ನೋಡಿದರು. ಮರುದಿನ ಸಂಜೆ ಮೂವರನ್ನು ಜೊತೆಗೆ ಕರೆದುಕೊಂಡು ಬಂದು, ಹೆಸರು ಬರೆಯುವಷ್ಟು ಕಲಿಸಿಕೊಡಿ ಎಂದರು. ನನ್ನ ಮೊದಲ ರಾತ್ರಿಶಾಲೆ ಹೀಗೆ, ಯಾವ ಇಲಾಖೆಯ ಆಜ್ಞೆಯೂ ಇಲ್ಲದೆ, ನಾಲ್ಕು ಜನ ಶಿಷ್ಯರಿಂದ ಆರಂಭವಾಯಿತು. ನಾಲ್ವರೂ ನನಗಿಂತ ಹಿರಿಯರು.

ದೊಡ್ಡವರಿಗೆ ಕಲಿಸುವುದು ಮಕ್ಕಳಿಗೆ ಕಲಿಸಿದಂತಲ್ಲ. ಮಗು ಅ ಆ ಇ ಈ ಎಂದು ಐವತ್ತು ಅಕ್ಷರವನ್ನೂ ಅರ್ಥ ಕೇಳದೆ ಹೇಳುತ್ತದೆ. ದಿನವಿಡೀ ಗುದ್ದಲಿ ಹಿಡಿದ ಮನುಷ್ಯ ಮೂರನೆಯ ದಿನವೇ, ಇದರಿಂದ ಏನು ಬಂತು ಎಂದು ಕೇಳುತ್ತಾನೆ. ಅದಕ್ಕಾಗಿ ಶಾಲೆಯ ಮಕ್ಕಳಿಗೆ ಬಂದಿದ್ದ ರ, ಗ, ಸ, ದ, ಅ ಎಂಬ ಕ್ರಮವನ್ನು ನಾನೂ ಹಿಡಿದೆ. ಈ ಐದು ಅಕ್ಷರ ಬಂದರೆ ಸರ, ಅರಸ, ಅಗಸ, ದಸರ, ಗರಗಸ ಎಂದು ಮೊದಲ ವಾರದಲ್ಲೇ ಮಾತು ಓದಬಹುದು. ಕೊಂಬು, ದೀರ್ಘ ಹೇಗೋ ದಾಟುತ್ತಾರೆ. ಒತ್ತಕ್ಷರದ ಹತ್ತಿರ ಬಂದಾಗ ಗಾಡಿ ಹೂತುಹೋಗುತ್ತದೆ. ಇನ್ನೊಂದು ತೊಡಕು ಕಣ್ಣಿನದು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಕಾಣುವುದಿಲ್ಲ. ಬುದ್ಧಿ ಮಂದವೆಂದು ತಮ್ಮನ್ನು ತಾವೇ ಹಳಿದುಕೊಂಡು ಶಾಲೆ ಬಿಡುತ್ತಿದ್ದವರಲ್ಲಿ ಹಲವರಿಗೆ ಬೇಕಾಗಿದ್ದದ್ದು ಒಂದು ಜೊತೆ ಕನ್ನಡಕ ಮಾತ್ರ.

೧೯೭೮ರ ಅಕ್ಟೋಬರ್ ೨ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಹದಿನೈದರಿಂದ ಮೂವತ್ತೈದು ವರ್ಷದ ಹತ್ತು ಕೋಟಿ ಜನಕ್ಕೆ ಐದು ವರ್ಷದಲ್ಲಿ ಅಕ್ಷರ ಕಲಿಸಬೇಕೆಂಬುದು ಗುರಿ. ಅಷ್ಟರಲ್ಲಿ ನನಗೆ ಹೊಳೆನರಸೀಪುರ ತಾಲ್ಲೂಕಿಗೆ ವರ್ಗವಾಗಿತ್ತು. ರಾತ್ರಿಶಾಲೆಯ ಮೇಷ್ಟರೆಂದು ಹೆಸರು ಅಂಟಿದ್ದರಿಂದ ಹೊಸ ಕೇಂದ್ರಗಳಿಗೆ ಬೋಧಕರನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಕೆಳಗಿನವರಿಗೆ ನಾಲೆಯ ಆಸೆ, ಮೇಲಿನ ಮುಳುಗಡೆಯ ಹಳ್ಳಿಗಳವರಿಗೆ ಪರಿಹಾರದ ಕಾಗದಗಳ ಚಿಂತೆ. ಎಲ್ಲಿ ನೋಡಿದರೂ ಕಾಗದವೇ. ಅಲ್ಲಿಯ ಹೆಂಗಸರ ಕೇಂದ್ರವೊಂದರಲ್ಲಿ ಒಬ್ಬಾಕೆ ಎಲ್ಲರಿಗಿಂತ ಬೇಗ ಕಲಿತಳು. ಕಾರಣ ಕೇಳಿದೆ. ಮದುವೆಯಾಗಿ ದೂರ ಹೋದ ಮಗಳು ಐದನೆಯ ತರಗತಿ ಓದಿದವಳು. ಅವಳು ಬರೆಯುವ ಕಾಗದವನ್ನು ನೆರೆಮನೆಯ ಹುಡುಗನ ಕೈಲಿ ಓದಿಸಬೇಕು. "ಅವನು ಓದ್ತಾನೆ ಅಂತ ಗೊತ್ತಿರೋದ್ರಿಂದ ಅವಳು ನಿಜ ಬರೆಯೋದೇ ಇಲ್ಲ" ಎಂದಳು. ಅಕ್ಷರದ ಪ್ರಯೋಜನವನ್ನು ಕುರಿತು ನಾನು ಕೇಳಿದ ಭಾಷಣಗಳಲ್ಲೆಲ್ಲ ಇದಕ್ಕಿಂತ ದೊಡ್ಡ ಮಾತು ಇರಲಿಲ್ಲ. ಆಕೆ ರಂಗೋಲಿಯಲ್ಲಿ ನಿಪುಣೆ. ಬಳಪ ಹಿಡಿಯಲು ನಡುಗುವ ಕೈ ನೆಲದ ಮೇಲೆ ರಂಗೋಲಿಪುಡಿಯಲ್ಲಿ 'ಳ' ಅಕ್ಷರವನ್ನು ಸಲೀಸಾಗಿ ಸುತ್ತುತ್ತಿತ್ತು. ಆಮೇಲೆ ಹೆಂಗಸರ ಕೇಂದ್ರಗಳಲ್ಲೆಲ್ಲ ಮೊದಲ ಪಾಠ ನೆಲದ ಮೇಲೆಯೇ ಆಯಿತು.

ಮುಂದಿನ ಅಧ್ಯಾಯಕ್ಕೆ ಪ್ರೇರಣೆ ಕೇರಳದಿಂದ ಬಂತು. ೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಗಿತ್ತು. ೧೯೯೦ರ ಫೆಬ್ರವರಿ ೪ರಂದು ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡವೂ ಬಿಜಾಪುರವೂ ಮೊದಲು ಹೆಜ್ಜೆಯಿಟ್ಟವು. ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲೆಯೂ ಆ ಸಾಲಿಗೆ ಸೇರಿತು. ನನ್ನನ್ನು ಹಾಸನಕ್ಕೆ ತರಬೇತಿಯ ಕೆಲಸಕ್ಕೆಂದು ಕರೆಸಿದರು. ಅಲ್ಲಿಗೆ ಶಾಲೆಯ ಕರಿಹಲಗೆ ಬಿಟ್ಟು, ಸಾಕ್ಷರತೆಯೇ ನನ್ನ ಪೂರ್ಣ ವೃತ್ತಿಯಾಯಿತು. ಮೂರು ಪ್ರವೇಶಿಕೆಗಳು, ಸುಮಾರು ಇನ್ನೂರು ಗಂಟೆಯ ಪಾಠ, ಪಾಠ ಹೇಳುವವರು ಸಂಬಳವಿಲ್ಲದ ಸ್ವಯಂಸೇವಕರು. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಮನೆಯಲ್ಲಿ ಕುಳಿತಿದ್ದ ಹುಡುಗಿಯರು ಗುರುಗಳಾದರು. ಕಲಾಜಾಥಾ ತಂಡಗಳು ತಮಟೆ ಬಾರಿಸುತ್ತ ಬಂದರೆ ಊರಿಗೆ ಊರೇ ಸೇರುತ್ತಿತ್ತು. ಆಂಧ್ರದ ನೆಲ್ಲೂರಿನ ದೂಬಗುಂಟದಲ್ಲಿ ೧೯೯೨ರಲ್ಲಿ ಅಕ್ಷರ ಕಲಿಯಲು ಬಂದ ಹೆಂಗಸರು ಸಾರಾಯಿ ಅಂಗಡಿಯನ್ನೇ ಮುಚ್ಚಿಸಿದರೆಂಬ ಸುದ್ದಿ ನಮ್ಮ ಕೇಂದ್ರಗಳಿಗೂ ತಲುಪಿತು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು ೨೦೦೭ರಲ್ಲಿ. ಆದರೆ ಅದನ್ನು ಕೇಳುವ ಧೈರ್ಯ ಎಷ್ಟೋ ಹಳ್ಳಿಗಳಲ್ಲಿ ಅದಕ್ಕಿಂತ ಮೊದಲೇ ಮೊಳೆತಿತ್ತು.

ಹಬ್ಬವೇನೋ ಚೆನ್ನಾಗಿ ನಡೆಯಿತು. ಹಬ್ಬದ ಮರುದಿನದ ಕಥೆಯನ್ನೂ ಹೇಳಬೇಕಷ್ಟೆ. ಆಂದೋಲನ ಮುಗಿದು ಕೆಲವು ವರ್ಷಗಳಾದ ಮೇಲೆ ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರು ರಾಮನಾಥಪುರಗಳ ಕಡೆ, ಹಳೆಯ ಕೇಂದ್ರಗಳಿದ್ದ ಊರುಗಳನ್ನು ಸುತ್ತಿದೆ. ಎರಡು ಬಗೆಯ ಊರುಗಳು ಕಂಡವು. ಒಂದರಲ್ಲಿ, ಅಂದು ಸರಾಗವಾಗಿ ಓದುತ್ತಿದ್ದವರು ಈಗ ಹೆಸರು ಮಾತ್ರ ಬರೆಯಬಲ್ಲರು. ಅದೂ ಚಿತ್ರ ಬರೆದಂತೆ. ಇನ್ನೊಂದರಲ್ಲಿ ಓದು ಉಳಿದಿತ್ತು, ಬೆಳೆದೂ ಇತ್ತು. ಕಲಿಸಿದವರಲ್ಲಿ ವ್ಯತ್ಯಾಸವಿರಲಿಲ್ಲ, ಕಲಿತವರಲ್ಲಿಯೂ ಇರಲಿಲ್ಲ. ವ್ಯತ್ಯಾಸವಿದ್ದದ್ದು ಓದಲು ಏನಾದರೂ ಇತ್ತೆ ಎಂಬುದರಲ್ಲಿ. ಒಂದೂರಿನಲ್ಲಿ ಹಾಲಿನ ಡೈರಿಯ ಚೀಟಿಯನ್ನು ಹೆಂಗಸರೇ ಓದಿಕೊಳ್ಳುತ್ತಿದ್ದರು. ೨೦೦೦-೦೧ರಲ್ಲಿ ಬಂದ ಸ್ತ್ರೀಶಕ್ತಿ ಸಂಘಗಳ ಲೆಕ್ಕದ ಪುಸ್ತಕ ಎಲ್ಲಿ ಸದಸ್ಯೆಯರ ಕೈಯಲ್ಲೇ ಇತ್ತೋ ಅಲ್ಲಿ ಅಕ್ಷರ ಸಾಯಲಿಲ್ಲ. ಹೋಟೆಲಿನ ಬೆಂಚಿನ ಮೇಲೆ ದಿನಪತ್ರಿಕೆ ಬೀಳುತ್ತಿದ್ದ ಊರಿನ ಗಂಡಸರು ಓದು ಮರೆತಿರಲಿಲ್ಲ. ಏನೂ ಇಲ್ಲದ ಊರಿನಲ್ಲಿ ಮಳೆ ಬಾರದ ಹೊಲದ ಪೈರಿನಂತೆ ಅಕ್ಷರ ಒಣಗಿತ್ತು. ಆಗ ನನಗೆ ಆ ಹಳೆಯ ಬೀರುವಿನ 'ಬೆಳಕು' ಪತ್ರಿಕೆ ನೆನಪಾಯಿತು.

ನಮ್ಮ ಸಾಕ್ಷರತೆಯ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಇದೇ ಪಾಠ ಕಾಣುತ್ತದೆ. ರಾತ್ರಿಶಾಲೆಗಳು ಬಂದು ಹೋದವು. ೧೯೭೮ರ ಕಾರ್ಯಕ್ರಮ ಬಂದು ಹೋಯಿತು. ತೊಂಬತ್ತರ ಆಂದೋಲನ ಬಂದು ಹೋಯಿತು. ೨೦೦೯ರ ಸೆಪ್ಟೆಂಬರ್ ೮ರಂದು ಆರಂಭವಾದ ಸಾಕ್ಷರ ಭಾರತ ೨೦೧೮ರ ಮಾರ್ಚ್ ಕೊನೆಗೆ ನಿಂತಿತು. ೨೦೨೨ರಿಂದ ಉಲ್ಲಾಸ್ ಎಂಬ ಹೊಸ ಹೆಸರಿನ ಯೋಜನೆ ಬಂದಿದೆ. ಯಾವುದೂ ವ್ಯರ್ಥವಲ್ಲ. ೧೯೯೧ರಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ೪೪ ಮಂದಿಗೆ ಓದು ಬರಹ ಬರುತ್ತಿತ್ತು. ೨೦೧೧ರಲ್ಲಿ ೬೮ ಮಂದಿಗೆ. ಆ ಗಣತಿಯಲ್ಲಿ ನಮ್ಮ ಜಿಲ್ಲೆಯ ಒಟ್ಟು ಲೆಕ್ಕ ಸುಮಾರು ೭೬. ಶಾಲೆಗಳು ಹೆಚ್ಚಿದ್ದೇ ಇದಕ್ಕೆ ಮುಖ್ಯ ಕಾರಣ. ಅಕ್ಷರ ಕಲಿತ ತಾಯಿ ಮಗಳನ್ನು ಶಾಲೆಗೆ ಕಳಿಸಿದ್ದೂ ಒಂದು ಕಾರಣವೆಂದು ನಾನು ಕಣ್ಣಾರೆ ಕಂಡದ್ದರಿಂದ ಹೇಳಬಲ್ಲೆ. ಆದರೆ ಪ್ರತಿ ಅಲೆಯೂ ಅಕ್ಷರವನ್ನು ದಡಕ್ಕೆ ತಂದು ಬಿಟ್ಟು ಹಿಂದೆ ಸರಿಯಿತು. ಜನಗಣತಿಯವರು ಅರ್ಥ ತಿಳಿದು ಓದಿ ಬರೆಯಬಲ್ಲವರನ್ನು ಮಾತ್ರ ಸಾಕ್ಷರರೆನ್ನುತ್ತಾರೆ. ರುಜು ಹಾಕಿದ ಮಾತ್ರಕ್ಕೆ ಅಲ್ಲ. ಹೆಬ್ಬೆಟ್ಟಿನಿಂದ ರುಜುವಿಗೆ ಬರುವುದು ಒಂದು ಹೊಸಿಲು; ರುಜುವಿನಿಂದ ಓದಿಗೆ ಬರುವುದು ಇಡೀ ಮನೆ.

ಆದ್ದರಿಂದ ಹಳ್ಳಿಯ ಪುಸ್ತಕಭಂಡಾರವೆಂದರೆ ನನಗೆ ಶಾಲೆಯಷ್ಟೇ ದೊಡ್ಡದು. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆದದ್ದು ೧೯೬೫ರಲ್ಲಿ. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದವು. ಮರುವರ್ಷ ಮಕ್ಕಳಿಗಾಗಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಯಿತು. ಹೆಸರು ಕೇಳಿ ನನಗೆ ಹಳೆಯ ಸ್ನೇಹಿತ ಸಿಕ್ಕಂತಾಯಿತು. ಮಕ್ಕಳ ಜೊತೆಗೆ ಅವರ ಅಜ್ಜಿಯರೂ ಬಂದು ಕೂರುವಂಥ ದಪ್ಪ ಅಕ್ಷರದ ಪುಸ್ತಕಗಳು ಅಲ್ಲಿ ಇನ್ನೂ ಹೆಚ್ಚಬೇಕು.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಮಾತನಾಡಿದರೆ ಸಾಕು, ಓದೇಕೆ ಬೇಕು ಎನ್ನುವ ಸ್ನೇಹಿತರಿದ್ದಾರೆ. ಮಗಳ ದನಿಯನ್ನು ತಾಯಿ ನೇರವಾಗಿ ಕೇಳುವಂತಾದದ್ದು ದೊಡ್ಡ ಭಾಗ್ಯವೇ ಸರಿ. ಆದರೆ ಬ್ಯಾಂಕಿನ ಸಂದೇಶ, ಸಾಲದ ಕರಾರು, ಔಷಧದ ಚೀಟಿ, ಜಮೀನಿನ ಪಹಣಿ ಇವು ಇಂದಿಗೂ ಅಕ್ಷರದಲ್ಲೇ ಬರುತ್ತವೆ. ಅವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವವರು ಇಂದಿಗೂ ಇನ್ನೊಬ್ಬರ ದಾಕ್ಷಿಣ್ಯದಲ್ಲೇ ಇದ್ದಾರೆ. ಓದಿ ಹೇಳುವವನು ಎಷ್ಟು ಒಳ್ಳೆಯವನಾದರೂ ಸರಿ, ಅವನ ಅಗತ್ಯವೇ ಇಲ್ಲದಿರುವುದು ಲೇಸು. ಮೇಷ್ಟರ ಮನೆಯ ಜಗಲಿಯಲ್ಲಿ ಎಷ್ಟೋ ವರ್ಷ ಊರಿನ ಕಾಗದ ಓದಿದ ನಾನು ಈ ಮಾತನ್ನು ತಿಳಿದೇ ಹೇಳುತ್ತಿದ್ದೇನೆ.

ಪಟ್ಟಣದ ಓದುಗರಲ್ಲಿ ನನ್ನದೊಂದು ಬಿನ್ನಹ. ಮನೆಗೆ ಕೆಲಸಕ್ಕೆ ಬರುವಾಕೆ, ಕಟ್ಟಡದ ಕಾವಲುಗಾರ, ತರಕಾರಿ ಗಾಡಿಯವ, ಇವರಲ್ಲಿ ಒಬ್ಬರಾದರೂ ಹಿಂದೆ ಯಾವುದೋ ಕೇಂದ್ರದಲ್ಲಿ ಕಲಿತು ಈಗ ಮರೆಯುತ್ತಿರುವವರು ಇರಬಹುದು. ಅವರಿಗೆ ಹೊಸದಾಗಿ ಪಾಠ ಹೇಳುವ ಶ್ರಮವೂ ಬೇಡ. ಓದಿ ಮುಗಿಸಿದ ಪತ್ರಿಕೆಯನ್ನು ರದ್ದಿಗೆ ಹಾಕುವ ಮೊದಲು ಅವರ ಕೈಗೆ ಕೊಡಿ. ನಾಳೆ ಬಂದಾಗ ಅದರಲ್ಲಿ ಏನಿತ್ತೆಂದು ವಿಚಾರಿಸಿ. ದೀಪ ಹಚ್ಚುವ ಕೆಲಸವನ್ನು ಹಿಂದಿನವರು ಎಷ್ಟೋ ಮಾಡಿದ್ದಾರೆ. ಎಣ್ಣೆ ಹೊಯ್ಯುವ ಕೆಲಸ ನಮ್ಮೆಲ್ಲರದು.